ಅತ್ತೆಯ ಚರ್ಮ

ಮಿದೆಲ್ತ್ ಊರಿಗೆ ಚಳಿಗಾಲ ಬಂದದ್ದು ಮೊದಲು ಗೊತ್ತಾಗುವುದು ತುಟಿಗೆ. ಆಮೇಲೆ ಹಿಮ್ಮಡಿಗೆ, ಬೆರಳ ಸಂದಿಗೆ. ಅಯ್ಯಾಶಿ ಬೆಟ್ಟದ ಹಿಮ ಸವರಿಕೊಂಡು ಇಳಿಯುವ ಗಾಳಿ ಹಗ್ಗದ ಮೇಲಿನ ಬಟ್ಟೆಯ ಒದ್ದೆಯನ್ನು ಹೀರುವ ಹಾಗೆಯೇ ಮೈಯ ಪಸೆಯನ್ನೂ ಹೀರಿಕೊಂಡು ಹೋಗುತ್ತದೆ. ಸೇಬಿನ ತೋಟಗಳು ಬೋಳಾಗುವ ಹೊತ್ತಿಗೆ ಊರಿನ ಹೆಂಗಸರೆಲ್ಲ ಕೈ ಕೈ ಉಜ್ಜಿಕೊಳ್ಳುತ್ತ, ತುಟಿ ನೆಕ್ಕಿಕೊಳ್ಳುತ್ತ, ಬಕೆಟ್ಟು ಟವೆಲು ಹಿಡಿದು ಊರಿನ ಬಿಸಿನೀರಿನ ಸ್ನಾನದ ಮನೆ ಹಮ್ಮಾಮಿನ ಕಡೆ ಹೊರಡುತ್ತಾರೆ. ಮೈ ಬೆಚ್ಚಗಾಗುವುದು ಅಲ್ಲೊಂದೇ ಕಡೆ.

ಅಲ್ಲಿ ಅವರನ್ನು ಉಜ್ಜುವವಳು ಯಾಮ್ನಾ. ಬಿಸಿ ಕೋಣೆಯ ಆವಿಯೊಳಗೆ ಮೊಣಕಾಲೂರಿ ಕೂತು, ಬಲಗೈಗೆ ಕೀಸ ಎನ್ನುವ ಒರಟು ಚೀಲ ತೊಟ್ಟು, ಕಪ್ಪು ಸಾಬೂನಿನಲ್ಲಿ ನೆನೆದ ಮೈಗಳನ್ನು ಕುತ್ತಿಗೆಯಿಂದ ಪಾದದವರೆಗೆ ಉಜ್ಜುವುದು ಅವಳ ಕೆಲಸ. ಉಜ್ಜಿದಂತೆಲ್ಲ ಸತ್ತ ಚರ್ಮ ಬೂದು ಬಣ್ಣದ ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ. ಅದನ್ನು ಹೆಂಗಸರಿಗೆ ತೋರಿಸಬೇಕು. ನೋಡಿದರೇನೇ ಅವರಿಗೆ ಸಮಾಧಾನ. "ಅಯ್ಯೋ, ಇಷ್ಟೊಂದಾ!" ಎಂದು ನಾಚಿಕೊಳ್ಳುತ್ತಾರೆ, ಒಳಗೊಳಗೇ ಖುಷಿಪಡುತ್ತಾರೆ. ಮದುವೆಯಾಗುವ ಹುಡುಗಿಯರು, ಬಾಣಂತಿಯರು, ಮೇಷ್ಟರ ಹೆಂಡತಿಯರು, ತರಕಾರಿ ಮಾರುವವರು ಎಲ್ಲರೂ ಯಾಮ್ನಾಳ ಮುಂದೆ ಬೆನ್ನು ಕೊಟ್ಟು ಮಲಗಿದವರೇ. ದಾರಿಯಲ್ಲಿ ಎದುರಾದರೆ ಕೆಲವರ ಮುಖ ಅವಳಿಗೆ ತಟ್ಟನೆ ಗುರುತು ಸಿಗುತ್ತಿರಲಿಲ್ಲ. ಬೆನ್ನಾದರೆ ಸಿಗುತ್ತಿತ್ತು.

ಸಂಜೆ ಕೆಲಸ ಬಿಟ್ಟಾಗ ಬಿಸಿನೀರಿನಲ್ಲಿ ನೆಂದ ಅವಳ ಕೈ ಬೇಯಿಸಿದ ಬಟಾಣಿಯ ಸಿಪ್ಪೆಯ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಅದೇ ಕೈಯನ್ನು ಜಲ್ಲಾಬ ಎನ್ನುವ ಉದ್ದ ನಿಲುವಂಗಿಯ ತೋಳೊಳಗೆ ಹುದುಗಿಸಿಕೊಂಡು, ಗಾಳಿಗೆ ತಲೆ ತಗ್ಗಿಸಿ ಮನೆಗೆ ನಡೆಯುತ್ತಿದ್ದಳು. ಮನೆಯಲ್ಲಿ ಇನ್ನೊಂದು ಮೈ ಕಾಯುತ್ತಿರುತ್ತಿತ್ತು.

ಅದು ಅತ್ತೆ ಲಲ್ಲಾ ತಹ್ರಾಳ ಮೈ.

ಹಾಗೆ ನೋಡಿದರೆ, ಹಿರಿಯಳೆಂಬ ಮರ್ಯಾದೆಗೆ ಲಲ್ಲಾ ಎಂದು ಕರೆದರೂ, ಈಗ ತಹ್ರಾ ಯಾಮ್ನಾಳಿಗೆ ಅತ್ತೆಯೂ ಅಲ್ಲ. ಮಗ ಬೂಅಝ್ಝಾ ಲಾರಿ ಓಡಿಸುತ್ತಿದ್ದವನು, ಕೆಲಸ ಸಿಕ್ಕಿತೆಂದು ಕೆನಿತ್ರಾಕ್ಕೆ ಹೋದವನು, ಅಲ್ಲೇ ಇನ್ನೊಂದು ಮದುವೆ ಮಾಡಿಕೊಂಡು ಯಾಮ್ನಾಳನ್ನು ಬಿಟ್ಟಿದ್ದ. ಮಕ್ಕಳಾಗಲಿಲ್ಲ ಎನ್ನುವುದು ಅವನು ಕೊಟ್ಟ ಕಾರಣ. ಹೆಂಡತಿಯನ್ನು ಬಿಟ್ಟ ಹಾಗೆಯೇ ಅಮ್ಮನನ್ನೂ ಬಿಟ್ಟ, ಆದರೆ ಅಮ್ಮನಿಗೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ ವ್ಯತ್ಯಾಸ. ಹಬ್ಬಕ್ಕೆ ಫೋನು ಮಾಡುತ್ತಿದ್ದ. ಯಾಮ್ನಾಳಿಗೆ ತವರಿನಲ್ಲಿ ಅಣ್ಣಂದಿರ ಮನೆಗಳು ತುಂಬಿದ್ದವು. ಮುದುಕಿಗೆ ಒಬ್ಬಳೇ ಒಲೆ ಹೊತ್ತಿಸುವ ಶಕ್ತಿ ಇರಲಿಲ್ಲ. ಇರು ಎಂದು ತಹ್ರಾ ಹೇಳಲಿಲ್ಲ, ಹೋಗುತ್ತೇನೆಂದು ಯಾಮ್ನಾ ಹೇಳಲಿಲ್ಲ. ಎರಡು ಕೋಣೆ, ಒಂದು ಅಂಗಳದ ಆ ಮನೆಯಲ್ಲಿ ವರ್ಷಗಳು ಹೀಗೆಯೇ ಉರುಳಿದವು.

ತಹ್ರಾ ಒಳ್ಳೆಯ ಮಾತಿನವಳೇನಲ್ಲ. ಮದುವೆಯಾದ ಹೊಸದರಲ್ಲಿ ಯಾಮ್ನಾ ಮಾಡಿದ ರೊಟ್ಟಿಯನ್ನು ನೆರೆಯವರ ಮುಂದೆ ಎತ್ತಿ ತೋರಿಸಿ, "ನಮ್ಮ ಸೊಸೆ ಚಪ್ಪಲಿ ಹೊಲಿಯೋದು ಕಲ್ತಿದಾಳೆ" ಎಂದವಳು. ಮಗ ಮಾಡಿದ್ದರ ಬಗ್ಗೆ ಮಾತ್ರ ಒಂದು ದಿನವೂ ಬಾಯಿ ತೆರೆದವಳಲ್ಲ. ಆದರೆ ಶುಚಿಯೆಂದರೆ ಅವಳಿಗೆ ಪ್ರಾಣ. ಹುಡುಗಿಯಾಗಿದ್ದಾಗಿನಿಂದ ಗುರುವಾರದ ಹಮ್ಮಾಮು ತಪ್ಪಿಸಿದವಳಲ್ಲ. ಬೇರೆಯವರ ಬಕೆಟ್ಟು ಮುಟ್ಟುತ್ತಿರಲಿಲ್ಲ. ಉಜ್ಜಿಸಿಕೊಂಡು ಕೆಂಪಗಾಗಿ ಬಂದು, ಬಿಳಿ ಬಟ್ಟೆ ಸುತ್ತಿಕೊಂಡು, ಕಿತ್ತಲೆ ಹಣ್ಣು ಸುಲಿಯುತ್ತ ಕೂತರೆ ರಾಣಿಯ ಹಾಗೆ ಕಾಣುತ್ತಿದ್ದಳಂತೆ.

ಆ ಹಮ್ಮಾಮಿನ ಮೆಟ್ಟಿಲ ಮೇಲೆಯೇ ಒಂದು ಗುರುವಾರ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಮೇಲೆ ಅವಳು ಎದ್ದು ಓಡಾಡಲಿಲ್ಲ.

ಹಾಸಿಗೆ ಹಿಡಿದ ಮೊದಲ ಚಳಿಗಾಲದಲ್ಲೇ ಚರ್ಮ ಒಣಗತೊಡಗಿತು. ಮೊಣಕಾಲಿನ ಕೆಳಗೆ ಮೀನಿನ ಹುರುಪೆಯಂಥ ಪರೆ ಎದ್ದಿತು. ತೋಳಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು. ಹಾಸಿಗೆ ಕೊಡವಿದರೆ ಹಿಟ್ಟಿನಂಥ ಪುಡಿ ಹಾರುತ್ತಿತ್ತು. ನವೆಯೆಂದರೆ ನವೆ. ಮುದುಕಿ ತುರಿಸಿಕೊಂಡು ತುರಿಸಿಕೊಂಡು ಹಾಸಿಗೆಯ ಬಟ್ಟೆಯ ಮೇಲೆ ರಕ್ತದ ಗೀರು ಬೀಳುತ್ತಿತ್ತು.

"ಯಾಮ್ನಾ! ಎಲ್ಲಿ ಹಾಳಾಗಿ ಹೋದೆ? ಮೈಯೆಲ್ಲ ಇರುವೆ ಹರಿದ ಹಾಗಾಗ್ತಿದೆ."

"ಬಂದೆ ಲಲ್ಲಾ. ಈಗ ತಾನೆ ಬಾಗಿಲು ತೆಗೆದೆ."

"ಊರ ಹೆಂಗಸರನ್ನೆಲ್ಲ ಉಜ್ಜಿ ಉಜ್ಜಿ ತಾಮ್ರದ ತಟ್ಟೆ ಮಾಡಿ ಕಳಿಸ್ತೀಯ. ಮನೇಲಿರೋ ಮುದುಕಿ ಕೊಳೆ ಹಿಡಿದು ಸಾಯ್ಲಿ, ಅಲ್ವಾ? ತಗೊಂಬಾ ಆ ಕೀಸ."

ಯಾಮ್ನಾ ತಂದಳು. ಅವಳಿಗೆ ಗೊತ್ತಿದ್ದ ಔಷಧ ಅದೊಂದೇ. ನೀರು ಚೆನ್ನಾಗಿ ಕಾಯಿಸಿದಳು, ಸಾಬೂನು ಹಚ್ಚಿದಳು, ಉಜ್ಜಿದಳು. ಆ ಹೊತ್ತಿಗೆ ಮುದುಕಿಗೆ ಹಾಯೆನಿಸಿತು. ಮಾರನೆಯ ದಿನ ನವೆ ಇಮ್ಮಡಿಯಾಯಿತು. ಇನ್ನೂ ಗಟ್ಟಿಯಾಗಿ ಉಜ್ಜಿದಳು. ಇನ್ನೂ ಹೆಚ್ಚಾಯಿತು.

ಸೊಂಟ ನೋಡಲು ಆರೋಗ್ಯ ಕೇಂದ್ರದಿಂದ ಬಂದ ನರ್ಸ್ ಫತೀಹಾ ಹೊದಿಕೆ ಸರಿಸಿದವಳು ಹಾಗೇ ನಿಂತಳು.

"ಇದನ್ನ ಯಾರು ಉಜ್ಜಿದ್ದು?"

"ನಾನೇ."

ಫತೀಹಾ ಚಿಕ್ಕಮ್ಮನಿಗೆ ಹೇಳುವ ಹಾಗೆ ಹೇಳಿದಳು: "ಇನ್ಮೇಲೆ ಬೇಡ ಖಾಲ್ತಿ. ಇದು ವಯಸ್ಸಾದ ಚರ್ಮ, ಇದರೊಳಗೆ ಎಣ್ಣೆ ಅನ್ನೋದೇ ಉಳಿದಿಲ್ಲ. ಇರೋದನ್ನೂ ನೀವು ಸುಲಿದು ತೆಗೀತಿದೀರಿ. ಬಿಸಿನೀರು ಬೇಡ, ಉಗುರು ಬೆಚ್ಚಗಿರಲಿ. ಸಾಬೂನು ಕಂಕುಳಿಗೆ, ಕೆಳಗಡೆಗೆ ಸಾಕು. ಟವೆಲಲ್ಲಿ ಉಜ್ಜಬೇಡಿ, ಒತ್ತಿ ಒತ್ತಿ ತೆಗೀರಿ. ಮೈ ಇನ್ನೂ ಸ್ವಲ್ಪ ಹಸಿಯಾಗಿರೋವಾಗ್ಲೇ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದ್ರೆ ಪ್ರಯೋಜನ ಇಲ್ಲ."

"ಏನು ಹಚ್ಚಲಿ?"

"ವ್ಯಾಸಲೀನ್ ಸಾಕು. ವಾಸನೆ ಇರೋ ಕ್ರೀಮು ಬೇಡ. ಮನೇಲಿ ಏನಿದೆ?"

ಮನೆಯಲ್ಲಿ ಆಲಿವ್ ಎಣ್ಣೆ ಇತ್ತು, ಒಂದು ತುಂಡು ಜೇನುಮೇಣ ಇತ್ತು. ಎರಡನ್ನೂ ಸೇರಿಸಿ ಕರಗಿಸಿ ಆರಲು ಬಿಟ್ಟರೆ ಮುಲಾಮಾಗುತ್ತದೆಂದು ಯಾಮ್ನಾಳ ತಾಯಿ ಮಾಡುತ್ತಿದ್ದಳು, ಕುರಿ ಕಾಯುವವರ ಒಡೆದ ಹಿಮ್ಮಡಿಗೆ. ಅದನ್ನೂ ಹಚ್ಚಬಹುದು, ಮೊದಲು ಒಂದಿಷ್ಟು ಜಾಗಕ್ಕೆ ಹಚ್ಚಿ ನೋಡಿ ಎಂದಳು ಫತೀಹಾ. ಕಟ್ಟಿಗೆ ಒಲೆಯ ಮೇಲೆ ಸದಾ ಒಂದು ಪಾತ್ರೆ ನೀರಿಡಿ, ಕೋಣೆಯ ಗಾಳಿ ಒಣಗುವುದಿಲ್ಲ, ಉಣ್ಣೆ ಹೊದಿಕೆಯ ಒಳಗೆ ಹತ್ತಿ ಬಟ್ಟೆ ಇರಲಿ, ಉಗುರು ಕತ್ತರಿಸಿ ಎಂದೂ ಹೇಳಿ ಹೋದಳು.

ಯಾಮ್ನಾ ಬಾಗಿಲಲ್ಲಿ ನಿಂತೇ ಇದ್ದಳು. ಇಷ್ಟು ವರ್ಷ ಅವಳು ಚರ್ಮವನ್ನು ತೆಗೆದವಳು. ಉಳಿಸುವುದು ಹೇಗೆಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಯೋಚಿಸಿರಲಿಲ್ಲ. ಆಗ ಬಂದ ಯೋಚನೆಯೂ ಅಂಥ ದೊಡ್ಡದೇನಲ್ಲ. ಮನೆಗೆ ಬಂದ ಮೇಲೆ ಕೆಲಸ ಇನ್ನೊಂದಿಷ್ಟು ಹೆಚ್ಚಾಯಿತಲ್ಲ ಎಂದುಕೊಂಡಳು.

ಹೆಚ್ಚೇ ಆಯಿತು. ಬೆಳಿಗ್ಗೆ ಎದ್ದು ಒಲೆ ಹೊತ್ತಿಸಿ, ಮುದುಕಿಯನ್ನು ಪಕ್ಕಕ್ಕೆ ಹೊರಳಿಸಿ, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಭಾಗ ಒರೆಸಿ, ಆರುವ ಮುಂಚೆ ಮುಲಾಮು ಸವರಿ, ಬಟ್ಟೆ ಮುಚ್ಚಿ, ಮುಂದಿನ ಭಾಗ. ಆಮೇಲೆ ಕೆಲಸಕ್ಕೆ ಓಡಬೇಕು. ಸಂಜೆ ಬಂದು ಕಾಲಿಗೆ ಇನ್ನೊಮ್ಮೆ. ಹಮ್ಮಾಮಿನಲ್ಲಿ ಮೊಣಕಾಲೂರಿ ಸವೆದ ಮಂಡಿಗಳು ಇಲ್ಲಿ ಮತ್ತೆ ನೆಲಕ್ಕೆ ಊರುವಾಗ ಅವಳ ಬಾಯಿಂದ ತಾನಾಗಿಯೇ "ಯಾ ರಬ್ಬಿ, ದೇವರೇ" ಎಂದು ಬರುತ್ತಿತ್ತು. ಕಾಳಿನ ಸಾರು ಕುದಿಯುವುದನ್ನು ಕಾಯುತ್ತ ಗೋಡೆಗೊರಗಿದರೆ ಅಲ್ಲೇ ಕಣ್ಣು ಮುಚ್ಚುತ್ತಿತ್ತು. ಎಷ್ಟೋ ಸಲ ಸಾರು ಸೀದಿದೆ.

ಚರ್ಮ ಮೆತ್ತಗಾಗುತ್ತ ಬಂತು. ನವೆ ಇಳಿಯಿತು. ಮುದುಕಿಗೆ ಮಾತ್ರ ಸಮಾಧಾನವಿಲ್ಲ.

"ಒದ್ದೆ ಬಟ್ಟೆ ಆಡಿಸಿದ್ರೆ ಸ್ನಾನ ಆಯ್ತಾ? ನಾನೇನು ಟೀ ಮೇಜಾ, ಒರೆಸಿ ಇಡೋಕೆ?"

"ನರ್ಸ್ ಹೇಳಿದ್ದು ಕೇಳಿಸ್ಕೊಂಡ್ರಲ್ಲ, ಲಲ್ಲಾ."

"ಅವಳು ನಿನ್ನೆ ಹುಟ್ಟಿದ ಹುಡುಗಿ. ನನ್ನ ಮೈ ನನಗೆ ಗೊತ್ತಿಲ್ವಾ? ಉಜ್ಜದೆ ಎಣ್ಣೆ ಬಳೀತೀಯ. ಕೊಳೆ ಮೇಲೆ ಎಣ್ಣೆ! ಈ ಮೈ ಇಟ್ಕೊಂಡು ನಾನು ನಮಾಜು ಹೇಗೆ ಮಾಡ್ಲಿ?"

ಮಲಗಿದಲ್ಲಿಂದಲೇ, ಕಣ್ಣು ರೆಪ್ಪೆ ಇಳಿಸಿ ಎತ್ತಿ, ಬೆರಳು ಮಡಚಿ ಬಿಚ್ಚಿ ಅವಳು ನಮಾಜು ಮಾಡುತ್ತಿದ್ದಳು. ಆ ಮಾತು ಹೇಳುವಾಗ ಅವಳ ಗಲ್ಲ ನಡುಗಿತು. ಅದು ಬೈಗುಳವಾಗಿರಲಿಲ್ಲ. ಯಾಮ್ನಾ ಮುಲಾಮಿನ ಡಬ್ಬಿಯ ಮುಚ್ಚಳ ಹಾಕಿ, ಹೊದಿಕೆಯನ್ನು ಅವಳ ಕುತ್ತಿಗೆಯವರೆಗೆ ಎಳೆದಳು.

ಚಳಿ ತೀರ ಬಿಗಿಯಾದ ಹೊತ್ತಿಗೆ ತಹ್ರಾಳ ಮಗಳು ಝ್ಹೂರ್ ಮೆಕ್ನೆಸ್‌ನಿಂದ ಅಮ್ಮನನ್ನು ನೋಡಲು ಬಂದಳು. ಒಳ್ಳೆಯವಳೇ. ಬಂದವಳೇ ಪಾತ್ರೆ ತೊಳೆದಳು, ಅಂಗಳ ಗುಡಿಸಿದಳು, ಯಾಮ್ನಾಳಿಗೆ, "ನೀನು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗು, ಇವತ್ತು ಅಮ್ಮನ್ನ ನಾನು ನೋಡ್ಕೊತೀನಿ" ಎಂದಳು. ಯಾಮ್ನಾ ಹೋದಳು. ಎಷ್ಟೋ ದಿನದ ಮೇಲೆ ಮನೆಯ ಯೋಚನೆ ಬಿಟ್ಟು ಉಜ್ಜಿದಳು.

ಸಂಜೆ ಬಾಗಿಲು ತೆಗೆದರೆ ಝ್ಹೂರ್ ಒಲೆಯ ಪಕ್ಕ ಮುಖ ಮುಚ್ಚಿಕೊಂಡು ಕೂತಿದ್ದಳು. ಮುಂದೆ ಬಿದ್ದಿದ್ದ ಟವೆಲಿನ ಮೇಲೆ ರಕ್ತ.

"ಅಮ್ಮನೇ ಕೇಳಿದ್ಲು ಯಾಮ್ನಾ. ಕೈ ಮುಗಿದು ಕೇಳಿದ್ಲು. ಬರೀ ಸ್ವಲ್ಪ ಉಜ್ಜಿದೆ. ಕಾಲಿನ ಮೇಲೆ... ಕಾಗದ ಹರಿದ ಹಾಗೆ ಎದ್ದು ಬಂದ್ಬಿಡ್ತು."

ಮೊಣಕಾಲಿನ ಕೆಳಗೆ ಅಂಗೈಯಗಲ ಚರ್ಮ ಸುಲಿದಿತ್ತು. ಯಾಮ್ನಾ ಅದನ್ನು ನೋಡಿದಳು. ಜಲ್ಲಾಬ ಕಳಚಿ ನೀರು ಕಾಯಿಸಲು ಇಟ್ಟಳು.

ಹಾಸಿಗೆಯಿಂದ ಮುದುಕಿ ಹೇಳಿದಳು: "ಅವಳನ್ನ ಏನೂ ಅನ್ಬೇಡ. ಕೊಳೆ ಬಂತು. ನನ್ನ ಕಣ್ಣಾರೆ ನೋಡ್ದೆ." ನೋವಿಗೆ ಹಲ್ಲು ಕಚ್ಚಿದ್ದರೂ ಅವಳ ಮುಖದಲ್ಲಿ ಹಬ್ಬದ ಕಳೆ ಇತ್ತು.

ಝ್ಹೂರ್ ಅತ್ತುಕೊಂಡೇ ಬಸ್ಸು ಹತ್ತಿದಳು. ಮಕ್ಕಳ ಶಾಲೆ, ಗಂಡನ ಊಟ, ಅವಳಿಗೂ ಇತ್ತು ಅವಳ ಪಾಡು. ಗಾಯ ಇಲ್ಲಿ ಉಳಿಯಿತು. ಫತೀಹಾ ಬಂದು ಪಟ್ಟಿ ಬದಲಿಸುತ್ತಿದ್ದಳು, ಪ್ರತಿಸಲವೂ ಗಾಯದ ಅಂಚು ನೋಡಿ ತಲೆಯಾಡಿಸುತ್ತಿದ್ದಳು. ಆ ಚಳಿಗಾಲ ಪೂರ್ತಿ ಅದು ಕೂಡಿಕೊಳ್ಳಲಿಲ್ಲ.

ಅಷ್ಟಾದರೂ ಗುರುವಾರ ಬಂತೆಂದರೆ ಮುದುಕಿ ಶುರು ಮಾಡುತ್ತಿದ್ದಳು. "ಆ ಕಾಲು ಬಿಡು. ಬೆನ್ನಾದ್ರೂ ಉಜ್ಜು. ಬೆನ್ನು ನೋಯಲ್ಲ. ಒಂದೇ ಒಂದ್ಸಲ."

ಆಗ ಯಾಮ್ನಾ ಒಂದು ಉಪಾಯ ಮಾಡಿದಳು.

ಮುದುಕಿಯನ್ನು ಗೋಡೆಯ ಕಡೆ ಹೊರಳಿಸಿದಳು. ಹಳೆಯ ಹತ್ತಿ ಕಾಲುಚೀಲವೊಂದನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಕೈಗೆ ತೊಟ್ಟು ಬೆನ್ನಿನ ಮೇಲೆ ಸುಮ್ಮನೆ ಆಡಿಸಿದಳು. ಬಾಯಲ್ಲಿ ಮಾತ್ರ ಹಮ್ಮಾಮಿನಲ್ಲಿ ಉಸಿರುಬಿಡುವ ಹಾಗೆಯೇ ಹ್ಹಾ ಹ್ಹಾ ಎಂದು ಬಿಟ್ಟಳು. ಆಮೇಲೆ ತನ್ನ ಎಡ ತೋಳಿನ ಬಟ್ಟೆ ಮೇಲೆತ್ತಿಕೊಂಡು, ನಿಜವಾದ ಕೀಸದಿಂದ ತನ್ನ ಮುಂಗೈಯನ್ನೇ ಗರಗರ ಉಜ್ಜಿಕೊಂಡಳು. ಬೂದು ಸುರುಳಿ ಎದ್ದಿತು. ಅದನ್ನು ಅಂಗೈಯಲ್ಲಿ ಹಿಡಿದು ಮುದುಕಿಯ ಕಣ್ಣ ಮುಂದೆ ಚಾಚಿದಳು.

"ನೋಡಿ ಲಲ್ಲಾ."

ತಹ್ರಾ ಕತ್ತು ಎತ್ತಿ ನೋಡಿದಳು. "ನೋಡ್ದ್ಯಾ! ನೋಡ್ದ್ಯಾ! ಇಷ್ಟು ಕೊಳೆ ನನ್ನ ಮೇಲೆ ಹೊರಿಸಿ ಇಟ್ಟಿದ್ದೆಯಲ್ಲೇ, ಸೋಮಾರಿ!"

"ತಪ್ಪಾಯ್ತು ಲಲ್ಲಾ."

"ಹೂಂ. ಈಗ ಬಳಿ ನಿನ್ನ ಎಣ್ಣೆ."

ಅವಳ ಬೆನ್ನಿಗೆ ಮುಲಾಮು ಸವರುವಾಗ ಯಾಮ್ನಾಳಿಗೆ ನಗು ಬಂತು. ನಕ್ಕರೆ ಪಕ್ಕೆ ನೋಯುವಷ್ಟು ದಣಿವಿತ್ತು, ಹಾಗಾಗಿ ನಗಲಿಲ್ಲ. ಆ ದಿನ ಮುದುಕಿ ಮುಖ ಅರಳಿಸಿಕೊಂಡು ನಮಾಜು ಮಾಡಿದಳು, ಒಂದು ಬಟ್ಟಲು ಸಾರು ಹೆಚ್ಚು ಕುಡಿದಳು. ಮುಂದಿನ ಗುರುವಾರವೂ ಹೀಗೇ ನಡೆಯಿತು. ಅದರ ಮುಂದಿನದೂ. ಯಾಮ್ನಾಳ ಮುಂಗೈಯಲ್ಲಿ ಸುಲಿಯಲು ಸತ್ತ ಚರ್ಮ ಮುಗಿದು ಜೀವಂತ ಚರ್ಮ ಶುರುವಾಯಿತು. ಎಡ ತೋಳು ಬಿಟ್ಟು ತೊಡೆಗೆ ಹೋದಳು, ತೊಡೆ ಬಿಟ್ಟು ಮತ್ತೆ ತೋಳಿಗೆ.

ಅವಳ ಕೈಗಳು ಮೊದಲೇ ಸೋತಿದ್ದವು. ದಿನವಿಡೀ ಬಿಸಿನೀರು, ಸಾಬೂನು, ಹೊರಗೆ ಬಂದರೆ ಆ ಗಾಳಿ. ಹೆಬ್ಬೆರಳ ಬುಡದಲ್ಲಿ ಬಿರುಕು ಬಿಟ್ಟಿತು, ಆಮೇಲೆ ಗೆಣ್ಣು ಗೆಣ್ಣಿಗೂ. ಅತ್ತೆಗೆ ಹಚ್ಚಿ ಅಂಗೈಗೆ ಅಂಟಿದಷ್ಟೇ ಅವಳ ಪಾಲಿನ ಮುಲಾಮು. ತನಗೆಂದು ಕೂತು ಹಚ್ಚಿಕೊಳ್ಳುವ ಹೊತ್ತಿಗೆ ನಿದ್ದೆ ಎಳೆಯುತ್ತಿತ್ತು. ಒಂದು ದಿನ ಮದುವಣಗಿತ್ತಿಯೊಬ್ಬಳ ಭುಜ ಉಜ್ಜುತ್ತಿದ್ದಾಗ ಬಿರುಕು ಬಾಯ್ಬಿಟ್ಟು ಹುಡುಗಿಯ ಬಿಳಿ ಮೈಮೇಲೆ ಕೆಂಪು ಹನಿ ಬಿತ್ತು. ಹುಡುಗಿಯ ತಾಯಿ ಚೀರಿದಳು.

ಹಮ್ಮಾಮು ನಡೆಸುವ ಶಾಮಾ ಬಾಗಿಲ ಬಳಿ ಕರೆದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಕೈ ತೋರಿಸು. ಅಲ್ಲಾಹನೇ! ಇದು ಕೈಯೇನೇ ಹುಡುಗಿ, ಬೇಸಗೆಯ ಕೆರೆ ಹಾಗಾಗಿದೆ. ವಾಸಿಯಾಗೋ ತನಕ ಈ ಕಡೆ ಬರ್ಬೇಡ. ನಿನ್ನ ಜಾಗಕ್ಕೆ ಬೇರೆ ಯಾರನ್ನೂ ಪೂರ್ತಿಯಾಗಿ ತಗೊಳ್ಳಲ್ಲ. ಹೋಗು, ಮನೇಲಿ ಕೂತ್ಕೋ."

ಮನೇಲಿ ಕೂತ್ಕೋ. ಎಷ್ಟು ವರ್ಷದಿಂದ ಯಾರೂ ಅವಳಿಗೆ ಈ ಮಾತು ಹೇಳಿರಲಿಲ್ಲ. ದಾರಿಯುದ್ದಕ್ಕೂ ಅದೇ ಮಾತು ತಲೆಯೊಳಗೆ ಸುತ್ತುತ್ತಿತ್ತು. ಮನೆ ಸೇರಿ, ಹೊಸಿಲು ದಾಟಿ, ಜಲ್ಲಾಬವನ್ನೂ ಕಳಚದೆ ಹಾಸಿಗೆಯ ಪಕ್ಕದ ಚಾಪೆಯ ಮೇಲೆ ಕೂತುಬಿಟ್ಟಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು.

"ಇಷ್ಟು ಬೇಗ?" ಎಂದಳು ಮುದುಕಿ.

"ಕೈ ಒಡೆದಿದೆ. ಕಳಿಸಿದ್ರು."

"ಎಲ್ಲಿ, ಇಲ್ಲಿ ಕೊಡು."

"ಏನಿಲ್ಲ ಲಲ್ಲಾ."

"ಕೊಡೇ ಅಂದ್ರೆ. ಸೊಂಟ ಮುರಿದಿರೋದು, ಕಣ್ಣಲ್ಲ."

ಯಾಮ್ನಾ ಕೈ ಚಾಚಿದಳು. ಮುದುಕಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬೆಳಕಿಗೆ ತಿರುಗಿಸಿ ನೋಡಿದಳು. "ಆ ಡಬ್ಬಿ ಎತ್ಕೊ. ಮೊದಲು ನೀರಲ್ಲಿ ಅದ್ದು, ಬೆಚ್ಚಗಿರೋದ್ರಲ್ಲಿ. ಒರೆಸ್ಬೇಡ, ಒತ್ತು. ದಿನಾ ನನಗೆ ಪಾಠ ಹೇಳ್ತೀಯ, ನಿನಗೆ ಗೊತ್ತಿಲ್ವಾ?"

ತಹ್ರಾ ತಾನೇ ಮುಲಾಮು ಹಚ್ಚತೊಡಗಿದಳು. ಮುದುಕಿಯ ಬೆರಳು ಈಗ ಮೆತ್ತಗಿದ್ದವು, ಹಿಟ್ಟು ನಾದಿದವಳ ಕಸುವು ಇನ್ನೂ ಅವುಗಳಲ್ಲಿ ಉಳಿದಿತ್ತು. ಬಿರುಕಿನೊಳಕ್ಕೆ ಒತ್ತಿ ತುಂಬಿದಳು. ಯಾಮ್ನಾ ಉಸ್ಸೆಂದಳು. "ಸುಮ್ನಿರು, ನಿನ್ನ ಹೆತ್ತವರು ಇಷ್ಟು ಉರಿಗೇ ಉಸ್ಸೆನ್ನೋ ಮಗಳನ್ನ ಕೊಟ್ರಲ್ಲ ನಮಗೆ" ಎಂದಳು ತಹ್ರಾ. ಜಲ್ಲಾಬದ ತೋಳನ್ನು ಮೇಲಕ್ಕೆ ಸರಿಸಿದಾಗ ಮುಂಗೈಯ ಕೆಂಪು ಕಾಣಿಸಿತು. ಹಸಿ ಮಾಂಸದ ಹಾಗೆ, ಅಡ್ಡಡ್ಡ ಗೀರು.

"ಇದೇನೇ ಇದು?"

"ಹಮ್ಮಾಮಿನ ಬಿಸಿಗೆ ಆಗಿದ್ದು."

ಮುದುಕಿ ಆ ತೋಳನ್ನು ನೋಡಿದಳು. ಯಾಮ್ನಾಳ ಮುಖ ನೋಡಿದಳು. ಅಲ್ಲಿಗೂ ಮುಲಾಮು ಸವರಿದಳು, ಅಷ್ಟು ಹಗುರಾಗಿ ಸವರಿದಳೆಂದರೆ ಅವಳ ಬೆರಳು ತಾಕಿದ್ದು ಕೂಡ ಸರಿಯಾಗಿ ತಿಳಿಯಲಿಲ್ಲ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಯಾಮ್ನಾಳಿಗೆ ಕೊನೆವರೆಗೂ ಗೊತ್ತಾಗಲಿಲ್ಲ. ಆದರೆ ಆ ಮೇಲಿನ ಗುರುವಾರಗಳಲ್ಲಿ ಅವಳು ಒಮ್ಮೆಯೂ ಬೆನ್ನು ಉಜ್ಜು, ಕೊಳೆ ತೋರಿಸು ಎನ್ನಲಿಲ್ಲ.

ಇನ್ನೊಂದು ಕೈ ಹಿಡಿದುಕೊಂಡಾಗ ಮುದುಕಿ ತಲೆ ಎತ್ತದೆಯೇ ಹೇಳಿದಳು:

"ನನ್ನ ಮಗ ಮನುಷ್ಯ ಅಲ್ಲ ಕಣೇ."

ಆ ಒಂದು ಮಾತಿಗಾಗಿ ಯಾಮ್ನಾ ಎಷ್ಟು ಕಾದಿದ್ದಳೆಂದರೆ, ಹಿಂದೆಲ್ಲ ನೀರು ಸೇದುವಾಗ, ರೊಟ್ಟಿ ತಟ್ಟುವಾಗ, ಅತ್ತೆ ಆ ಮಾತು ಹೇಳಿದ ಹಾಗೆ, ತಾನು ಅದಕ್ಕೆ ಒಂದು ರಾಶಿ ಉತ್ತರ ಕೊಟ್ಟ ಹಾಗೆ ಮನಸ್ಸಿನಲ್ಲೇ ಆಡಿಕೊಂಡಿದ್ದಳು. ಈಗ ಅದು ಬಂತು, ನಡೆದು ಮನೆ ಸೇರಿದ ಮೇಲೆ ಬಂದ ಬಸ್ಸಿನ ಹಾಗೆ. ಅವಳಿಗೆ ಅಳುವೂ ಬರಲಿಲ್ಲ, ಸಂತೋಷವೂ ಆಗಲಿಲ್ಲ. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಕೈ ಉರಿ ಇಳಿಯುತ್ತಿತ್ತು.

"ಹೆಬ್ಬೆರಳ ಸಂದಿಗೆ ಇನ್ನೊಂಚೂರು ಹಾಕಿ ಲಲ್ಲಾ" ಎಂದಳು. ತಲೆಯನ್ನು ಹಾಸಿಗೆಯ ಅಂಚಿಗೆ ಒರಗಿಸಿ, ಕೈಯನ್ನು ಅತ್ತೆಯ ಕೈಯಲ್ಲೇ ಬಿಟ್ಟು ನಿದ್ದೆ ಹೋದಳು. ಎಚ್ಚರವಾದಾಗ ಸಂಜೆಯಾಗಿತ್ತು, ಎರಡೂ ಕೈಗೆ ಮುದುಕಿಯ ಹತ್ತಿ ಕಾಲುಚೀಲ ತೊಡಿಸಿತ್ತು. ಒಲೆ ಆರಿತ್ತು. "ಗೊರಕೆ ಹೊಡೀತೀಯ, ನಾಚಿಕೆ ಇಲ್ದೆ" ಎಂದಳು ತಹ್ರಾ.

ಸೇಬಿನ ಮರ ಹೂಬಿಡುವ ಹೊತ್ತಿಗೆ ಮುದುಕಿಯ ಕಾಲಿನ ಗಾಯ ಕೂಡಿಕೊಂಡಿತು. ಅವಳು ಇನ್ನೊಂದು ಚಳಿಗಾಲ ಬದುಕಿದಳು. ಹಾಗೆಂದು ಅವಳ ಬಾಯಿ ಮೆತ್ತಗಾಗಲಿಲ್ಲ. ಸಾರಿಗೆ ಉಪ್ಪು ಹೆಚ್ಚು, ನೀರು ತಣ್ಣಗೆ, ದಿಂಬು ಗಟ್ಟಿ ಎಂದು ಬೈಯುತ್ತಲೇ ಇದ್ದಳು. ಬೈಯುತ್ತಲೇ ಮುಲಾಮಿನ ಡಬ್ಬಿ ತೆಗೆದು, "ಕೈ ತಾ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಟೀ ಆರಲೆಂದು ಪಕ್ಕಕ್ಕಿಟ್ಟವಳು ಅದನ್ನು ಕುಡಿಯದೆ ಹೋದಳು.

ಬೂಅಝ್ಝಾ ಮಣ್ಣಿಗೆ ಬಂದ. ಅಂಗಳದಲ್ಲಿ ನಿಂತು ಯಾಮ್ನಾಳಿಗೆ, "ದೇವರು ನಿನಗೆ ಒಳ್ಳೇದು ಮಾಡ್ಲಿ" ಎಂದ. "ಆಮೀನ್" ಎಂದಳು. ಹೊರಡುವ ಮುಂಚೆ ಝ್ಹೂರ್ ಅಣ್ಣನ ಎದುರೇ ಬೀಗದಕೈಯನ್ನು ಯಾಮ್ನಾಳ ಕೈಗಿಟ್ಟು, "ಅಮ್ಮ ಹೇಳಿ ಹೋಗಿದಾಳೆ. ನೀನಿರೋ ತನಕ ಈ ಮನೆ ನಿಂದು" ಎಂದಳು. ಅವನು ನೆಲ ನೋಡಿದ. ಬೇಡವೆನ್ನಲಿಲ್ಲ.

ಯಾಮ್ನಾ ಮತ್ತೆ ಕೀಸ ಹಿಡಿಯಲಿಲ್ಲ. ಕೈ ಒಪ್ಪಲಿಲ್ಲ. ಈಗ ಹಮ್ಮಾಮಿನ ಬಾಗಿಲಲ್ಲಿ ಹೆಂಗಸರ ಬಟ್ಟೆಗಂಟು ಕಾಯುತ್ತ ಕೂರುತ್ತಾಳೆ, ಹೊದಿಕೆ ಸುತ್ತಿಕೊಂಡು. ಚಳಿ ಬಿದ್ದರೆ ಯಾರಾದರೂ ಬಂದು ಕೇಳುತ್ತಾರೆ, ನಮ್ಮಜ್ಜಿ ಮೈಯೆಲ್ಲ ತುರಿಸ್ಕೋತಾಳೆ, ಮಗುವಿನ ಕೆನ್ನೆ ಒಡೆದು ರಕ್ತ ಬರ್ತಿದೆ, ಸ್ವಲ್ಪ ಬಂದು ನೋಡಿ ಖಾಲ್ತಿ. ಎಷ್ಟೋ ಸಲ ಹೋಗುತ್ತಾಳೆ. ಎಣ್ಣೆ ಕಾಯಿಸಿ, ಮೇಣ ಕರಗಿಸಿ, ಹಸಿಯಿರುವಾಗಲೇ ಹಚ್ಚಬೇಕೆಂದು ಹೇಳಿಕೊಟ್ಟು, ಉಜ್ಜಬೇಡಿ ಎಂದು ಗದರಿ ಬರುತ್ತಾಳೆ.

ಮೊನ್ನೆ ಬೇಕರಿಯವನ ಹೆಂಡತಿ ಸಂಜೆ ಬಂದು ಬಾಗಿಲು ಬಡಿದಳು. ಯಾಮ್ನಾ ಆಗಷ್ಟೇ ಕಾಲು ಚಾಚಿ, ಒಲೆಯ ಮುಂದೆ ಒಂದು ಲೋಟ ಟೀ ಇಟ್ಟುಕೊಂಡಿದ್ದಳು.

"ಇವತ್ತು ಆಗಲ್ಲ ಕಣಮ್ಮ" ಎಂದು ಕೂತಲ್ಲಿಂದಲೇ ಕೂಗಿ ಹೇಳಿದಳು. "ಸಾಕಾಗಿದೆ. ನಾಳೆ ಬರ್ತೀನಿ, ಇನ್ಶಾ ಅಲ್ಲಾಹ್."